ಒದ್ದು ಎಂದವರು ಯಾರು?

ಕುರುಗೋಡಿನ ಗುಡ್ಡದ ಬುಡದಲ್ಲಿ ಕಾಲುವೆ ಕೆಲಸದವರು ಮಣ್ಣು ಸುರಿದು ಸಮ ಮಾಡಿದ ಒಂದು ಬಯಲಿದೆ. ಅಲ್ಲಿ ಸಂಜೆ ಹೊತ್ತು ಹದಿನೈದಿಪ್ಪತ್ತು ಹುಡುಗರಿಗೆ ಫುಟ್‌ಬಾಲ್ ಕಲಿಸುವ ಜೋಗಪ್ಪನದು ಒಂದೇ ಒಂದು ಕಾನೂನು. ಚೆಂಡು ಬಿಡಬೇಕಾದರೆ "ಬಿಡು" ಅನ್ನಬೇಕು, ಹೊಡೆಯಬೇಕಾದರೆ "ಹೊಡಿ" ಅನ್ನಬೇಕು. ಯಾರಾದರೂ ಬಾಯಿ ತಪ್ಪಿ "ಒದ್ದು" ಅಂದರೆ ಅವತ್ತಿಗೆ ಅವನ ಆಟ ಮುಗಿಯಿತು. ಬಂಡೆಯ ಮೇಲೆ ಕೂತು ಉಳಿದವರ ಅಂಗಿ ಕಾಯಬೇಕು. ಬೈಗುಳಕ್ಕಾದರೂ ರಿಯಾಯಿತಿ ಉಂಟು, ಆ ಒಂದು ಮಾತಿಗೆ ಇಲ್ಲ.

ಯಾಕೆ ಎಂದು ಆ ಹುಡುಗರಿಗೆ ಗೊತ್ತಿಲ್ಲ. ನನಗೆ ಗೊತ್ತು ಎಂದು ನಾನು ನಾಲ್ಕೂವರೆ ವರ್ಷ ನಂಬಿಕೊಂಡಿದ್ದೆ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದೆ. ಈಗ ಐವತ್ತಮೂರನೇ ಇಸವಿ ಮುಗಿಯುತ್ತ ಬಂದಿದೆ. ಸೆಪ್ಟೆಂಬರ್ ಕೊನೆಯಲ್ಲಿ ಬಳ್ಳಾರಿ ಸ್ಟೇಷನ್ನಿನಲ್ಲಿ ನಡೆದದ್ದನ್ನು ನೆನೆದರೆ ನನಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದೇ ಗೊತ್ತಾಗುತ್ತಿಲ್ಲ. ಬರೆದರೆ ತಿಳಿಯಾದೀತು ಎಂದು ಕೂತಿದ್ದೇನೆ.

ನಮ್ಮ ಸೀಮೆಯವರಲ್ಲದವರಿಗೆ ಮೊದಲು ಆ ಮಾತು ಬಿಡಿಸಿ ಹೇಳಬೇಕು. ಕನ್ನಡದವನ ಕಿವಿಗೆ "ಒದ್ದು" ಅಂದರೆ ಕಾಲಿನ ಕೆಲಸ, ಒದ್ದು ಹಾಕು ಎನ್ನುವುದರ ಮೊದಲರ್ಧ. ತೆಲುಗಿನವನ ಕಿವಿಗೆ ಅದೇ "ಒದ್ದು" ಅಂದರೆ ಬೇಡ, ಮುಟ್ಟಬೇಡ, ಬಿಡು. ಬಳ್ಳಾರಿಯಲ್ಲಿ ಎರಡು ಭಾಷೆಗಳೂ ಒಂದೇ ಬಾಯಲ್ಲಿ ಸಂಸಾರ ಮಾಡುತ್ತವೆ. ಸಂತೆಯಲ್ಲಿ ಬದನೆಕಾಯಿ ಒದ್ದು ಅಂದರೆ ಯಾರೂ ಬದನೆಕಾಯಿಗೆ ಒದೆಯುವುದಿಲ್ಲ. ಆದರೆ ಫುಟ್‌ಬಾಲ್ ಮೈದಾನ ಸಂತೆಯಲ್ಲವಲ್ಲ.

ಜೋಗಪ್ಪ ಕುರುಗೋಡಿನವನು. ಅಪ್ಪ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದ, ಅವ್ವ ಈರಮ್ಮ ಊರವರ ಕಣದಲ್ಲಿ ಕೂಲಿಗೆ ಶೇಂಗಾ ಬಿಡಿಸುತ್ತಿದ್ದಳು. ನಾನು ಹಂಪಯ್ಯ, ಆಲೂರು ಕಡೆಯ ಒಂದು ಹಳ್ಳಿಯವನು. ಹೆಸರು ಕನ್ನಡದ್ದಾದರೂ ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ತೆಲುಗು. ನಾವಿಬ್ಬರೂ ಸಿರುಗುಪ್ಪದ ಹೈಸ್ಕೂಲಿನಲ್ಲಿ ಒಂದೇ ಫಾರಂ, ಒಂದೇ ಬೋರ್ಡಿಂಗು, ಒಂದೇ ಚಾಪೆ. ಆ ಚಾಪೆಯ ಮೇಲೆ ಅವನು ನನ್ನಿಂದ ತೆಲುಗು ಕಲಿತ, ನಾನು ಅವನಿಂದ ಕುರುಗೋಡಿನ ಬೈಗುಳ ಕಲಿತೆ.

ಊಟ ಹಾಕಿ ನಮ್ಮನ್ನು ಓದಿಸುತ್ತಿದ್ದವರು ಅಕ್ಕಿ ಗಿರಣಿಯ ಚಿದಾನಂದಪ್ಪ ಸಾಹುಕಾರರು. ತಮ್ಮ ತಾಯಿ ಗಾದೆಮ್ಮನ ಹೆಸರಿನಲ್ಲಿ ಅವರು ಒಂದು ಬೆಳ್ಳಿ ಕಪ್ಪು ಮಾಡಿಸಿದ್ದರು. ಜಿಲ್ಲೆಯ ಹದಿನೆಂಟು ವರ್ಷದೊಳಗಿನ ಹುಡುಗರ ತಂಡಗಳು ಅದಕ್ಕಾಗಿ ಆಡಬೇಕು. ಚೋದ್ಯವೇನೆಂದರೆ ಕಪ್ಪು ಇಟ್ಟ ವರ್ಷದಿಂದ ಅದು ಬಳ್ಳಾರಿಯ ಪೇಟೆ ಹುಡುಗರ ಪಾಲಾಗುತ್ತಿತ್ತೇ ಹೊರತು ಸಿರುಗುಪ್ಪದ ಮಣ್ಣು ಮೆಟ್ಟಿರಲಿಲ್ಲ. ಹೆತ್ತ ತಾಯಿ ಪ್ರತಿ ವರ್ಷ ಬೇರೆಯವರ ಮನೆಯಲ್ಲಿ ಕೂರುತ್ತಾಳಲ್ಲ ಎಂದು ಸಾಹುಕಾರರಿಗೆ ಸಂಕಟ. ಅದನ್ನು ಅವರು ಎದುರಿಗೇ ಹೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದರು, ಅದರಲ್ಲಿ ನಾಟಕ ಇರಲಿಲ್ಲ.

ಹಾಗಾಗಿ ಬೋರ್ಡಿಂಗಿನಲ್ಲಿ ಎರಡು ಪುಕ್ಕಟೆ ಜಾಗಗಳನ್ನು ಫುಟ್‌ಬಾಲಿಗೆಂದೇ ಇಟ್ಟರು. ಒಂದು ಜೋಗಪ್ಪನ ಕಾಲಿಗೆ, ಇನ್ನೊಂದು ನನ್ನ ಕೈಗೆ. ಅವನು ಗೋಲಿನ ಮುಂದೆ ತಡೆಯುವ ಬ್ಯಾಕು, ನಾನು ಗೋಲ್‌ಕೀಪರು. ಗಿರಣಿಯ ಪಡಸಾಲೆಯಲ್ಲಿ ನಿಲ್ಲಿಸಿಕೊಂಡು ಸಾಹುಕಾರರು ಕರಾರು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ.

"ಕಪ್ಪು ಮನಿಗೆ ಬಂತು ಅಂದ್ರ ಇಬ್ರೂ ಎಸ್ಸೆಸ್ಸೆಲ್ಸಿ ಮುಗಿಸೋ ತನಕ ಉಂಡು ಓದ್ರಿ. ಬರಲಿಲ್ಲ ಅಂದ್ರ, ಯಾರ ತಪ್ಪಿನಿಂದ ಹೋತೋ ಅವನು ತನ್ನ ಟ್ರಂಕು ಎತ್ತಬೇಕು. ಏನಂತೀರಿ?"

ನಾವು ಏನನ್ನುತ್ತೇವೆ? ಹೂಂ ಅಂದೆವು. ಟ್ರಂಕು ಎತ್ತಿದರೆ ನನಗೆ ಊರಲ್ಲಿ ಎಮ್ಮೆ ಕಾದಿತ್ತು, ಅವನಿಗೆ ಕಲ್ಲಿನ ಸುತ್ತಿಗೆ.

ಜೋಗಪ್ಪನ ವಯಸ್ಸೇ ಮೊದಲ ಗೊಂದಲ. ಹದಿನೆಂಟು ತುಂಬಿಲ್ಲ ಎಂದು ಬರೆದುಕೊಡಲು ಈರಮ್ಮನನ್ನು ಕರೆಸಿದರು. ಆಕೆ ಸೆರಗು ಸರಿಮಾಡಿಕೊಂಡು, "ಪಲೇಗು ಬಂದು ಊರು ಬಿಟ್ಟು ಹೊಲದಾಗ ಗುಡಿಸಲು ಹಾಕಿದ್ವಲ್ರಿ, ಆ ವರ್ಷ ಹುಟ್ಟ್ಯಾನ್ರಿ" ಅಂದಳು. ಪ್ಲೇಗು ಮೂರು ಸಲ ಬಂದಿತ್ತು. ಯಾವ ಪ್ಲೇಗು ಎಂದು ಕೇಳಿದರೆ, "ಕೆಟ್ಟ ಪಲೇಗುರಿ" ಅಂದಳು. ನಮ್ಮ ಡ್ರಿಲ್ ಮಾಸ್ತರು ಸುಂಕಣ್ಣನವರು ಮೂರನೆಯದನ್ನು ಆರಿಸಿ ಹದಿನೇಳು ಎಂದು ಬರೆದರು. ಕಪ್ಪು ತರಲು ಮಗ ಓಡುತ್ತಾನೆ ಎಂದು ಯಾರೋ ಹೇಳಿದ್ದಕ್ಕೆ ಆಕೆ, "ಬಿಸಿಲಾಗ ಓಡಿ ಇವನು ಆಗಲೇ ಸಾಕಷ್ಟು ಕಪ್ಪಾಗ್ಯಾನ್ರಿ, ಇನ್ನೆಷ್ಟು ಕಪ್ಪು ತರಬೇಕು?" ಎಂದು ಸಿಡುಕಿದ್ದಳು. ಆಕೆಗೆ ಕಪ್ಪು ಎಂದರೆ ಏನೆಂದು ಕಡೆಯವರೆಗೂ ಯಾರೂ ಬಿಡಿಸಿ ಹೇಳಲಿಲ್ಲ.

ಸುಂಕಣ್ಣ ಮಾಸ್ತರು ಆದವಾನಿಯ ಕಡೆಯವರು. ಅವರ ಬಾಯಿ ಎರಡು ಬಾಗಿಲಿನ ಅಂಗಡಿ. ಸಿಟ್ಟು ಬಂದರೆ ತೆಲುಗು ಬಾಗಿಲು, ಖುಷಿಯಾದರೆ ಕನ್ನಡ ಬಾಗಿಲು. ಬ್ಯಾಕುಗಳು ಚೆಂಡನ್ನು ದೂರ ಕಳಿಸಬೇಕಾದಾಗ "ಒದ್ದ್ ಹಾಕಲೇ!" ಎಂದು ಕೂಗುತ್ತಿದ್ದರು. ತಪ್ಪು ಮಾಡಲು ಹೊರಟರೆ "ಒದ್ದುರಾ!" ಎಂದು ಕೂಗುತ್ತಿದ್ದರು. ಎರಡೂ ಒಂದೇ ಗಂಟಲಿನಿಂದ, ಒಂದೇ ಜೋರಿನಲ್ಲಿ. ಹಿಂದೆ ಬರುವ ಬಾಲದಿಂದ ನಾವು ಅರ್ಥ ಮಾಡಿಕೊಳ್ಳಬೇಕು. ಅಭ್ಯಾಸದಲ್ಲಿ ಅರ್ಥವಾಗುತ್ತಿತ್ತು, ಯಾಕೆಂದರೆ ಅಲ್ಲಿ ಜನ ಇರಲಿಲ್ಲ.

ತಂಡಕ್ಕೆ ಹನ್ನೊಂದು ಮಂದಿ ಕೂಡಿಸುವುದೇ ದೊಡ್ಡ ಕೆಲಸವಾಗಿತ್ತು. ಸಿರುಗುಪ್ಪದಿಂದ ಎಂಟು, ಕುರುಗೋಡಿನಿಂದ ಮೂರು. ನಲವತ್ತೆಂಟರ ಮೊದಲಲ್ಲಿ ಗಾಂಧೀಜಿ ಹೋದದ್ದರಿಂದ ಆ ಸಲ ಕಪ್ಪು ನಡೆಯಲಿಲ್ಲ. ಆಮೇಲೆ ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ಗಲಾಟೆ. ದಾಟಿ ಬಂದ ಜನ ನಮ್ಮ ಶಾಲೆಯಲ್ಲೇ ಮಲಗುತ್ತಿದ್ದರು, ಮೈದಾನದಲ್ಲಿ ಒಲೆ ಹೂಡಿದ್ದರು. ಅವರೆಲ್ಲ ಮರಳಿ ಹೋದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಒಲೆಯ ಬೂದಿ ಗುಡಿಸಿ ಆಟ ಶುರುಮಾಡಿದೆವು.

ಮೊದಲನೆಯದು ಕುಡತಿನಿಯ ಮೇಲೆ. ಅವರಲ್ಲಿ ಬಂದವರು ಹತ್ತೇ ಮಂದಿ. ಹನ್ನೊಂದನೆಯವನು ಗಾಡಿ ಹೊಡೆದುಕೊಂಡು ಬಂದವನು, ಮೀಸೆ ಬೇರೆ ಇತ್ತು. ಅವನೇ ಅವರ ಪೈಕಿ ಚೆನ್ನಾಗಿ ಆಡಿದ. ಮೂರು ಗೋಲಿನಿಂದ ಗೆದ್ದೆವು. ಎರಡನೆಯದು ಕಂಪ್ಲಿಯ ಮೇಲೆ. ನಾವು ಹೊಡೆದ ಚೆಂಡು ಗೋಲಿನೊಳಗೆ ಹೋಗುವಾಗಲೇ ಒಳಗಿನ ಗಾಳಿ ಚೀಲ, ಬ್ಲಾಡರು, ಒಡೆದು ಉಸ್ಸೆಂದು ಗೆರೆಯ ಮೇಲೆ ಕೂತುಬಿಟ್ಟಿತು. ಅರ್ಧ ಒಳಗೆ, ಅರ್ಧ ಹೊರಗೆ. ಗೋಲು ಹೌದೋ ಅಲ್ಲವೋ? ರೆಫರಿ ಮಂಡಿಯೂರಿ ಆ ಚರ್ಮವನ್ನು ಬೆರಳಿನಿಂದ ಅಳೆದು, ಗೋಲು ಎಂದರು. ಕಂಪ್ಲಿಯವರು ಇವತ್ತಿಗೂ ಒಪ್ಪಿಲ್ಲ.

ಮೂರನೆಯದಕ್ಕೆ ಇದ್ದಿಲಿನ ಬಸ್ಸು ಹತ್ತಿ ಬಳ್ಳಾರಿಗೆ ಹೋದೆವು. ಎದುರಿಗೆ ಕೌಲ್‌ಬಜಾರಿನ ಹುಡುಗರು. ದೇವರಾಣೆ ಹೇಳುತ್ತೇನೆ, ಅಂಥ ಆಟ ನಾನು ನೋಡಿಲ್ಲ. ಎರಡು ದಿನ ಸಮಸಮ, ಮೂರನೇ ದಿನ ಅವರ ಇಬ್ಬರಿಗೆ ಜ್ವರ ಬಂದದ್ದರಿಂದ ನಾವು ಗೆದ್ದೆವು. ಜೋಗಪ್ಪ ಗೆದ್ದ ಖುಷಿಯನ್ನೂ ಮರೆತು ಅವರ ಮಾತನ್ನೇ ಆಲಿಸುತ್ತ ಕೂತಿದ್ದ. ಅವರು ಚೆಂಡು ಬಿಡಲು "ಛೋಡ್" ಎನ್ನುತ್ತಿದ್ದರು, ಹೊಡೆಯಲು "ಮಾರ್".

"ನೋಡಲೇ ಹಂಪ್ಯಾ, ಎಷ್ಟು ಚೊಲೊ ಐತಿ. ಒಂದರಂಗ ಒಂದು ಕೇಳಂಗೇ ಇಲ್ಲ. ನಮ್ಮಾಗೂ ಹಿಂಗ ಇರಬೇಕಿತ್ತು" ಅಂದ.

ನಾನು ನಕ್ಕುಬಿಟ್ಟೆ. ಬುದ್ಧಿಯಿದ್ದಿದ್ದರೆ ಆವತ್ತೇ ಮಾತು ಬದಲಾಯಿಸಿಕೊಳ್ಳುತ್ತಿದ್ದೆವು.

ಆ ಕಡೆಯಿಂದ ಫೈನಲ್ಲಿಗೆ ಬಳ್ಳಾರಿಯದೇ ಬ್ರೂಸ್‌ಪೇಟೆಯ ತಂಡ ಬಂದಿತ್ತು. ರಾಯದುರ್ಗ, ಆದವಾನಿ, ಹೊಸಪೇಟೆ ಮೂರನ್ನೂ ಸಲೀಸಾಗಿ ಸೋಲಿಸಿದವರು. ಹೊಸಪೇಟೆಗಂತೂ ಐದು ಗೋಲು ಹೊಡೆದಿದ್ದರಂತೆ. ಅವರಲ್ಲಿ ನಾಲ್ವರಿಗೆ ಬೂಟು ಇತ್ತು. ನಮ್ಮಲ್ಲಿ ಬೂಟು ಇದ್ದದ್ದು ಮಾಸ್ತರಿಗೆ ಮಾತ್ರ, ಅವರು ಆಡುತ್ತಿರಲಿಲ್ಲ.

ನಲವತ್ತೊಂಬತ್ತರ ಜನವರಿ, ಕೋಟೆ ಗುಡ್ಡದ ಕೆಳಗಿನ ಮೈದಾನ. ಬಂಡೆಗಳ ಮೇಲೂ ಜನ ಕೂತಿದ್ದರು. ಸಾಹುಕಾರರು ಜರಿ ರುಮಾಲು ಸುತ್ತಿಕೊಂಡು ಕಪ್ಪಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ಮಾಸ್ತರು ನಮ್ಮ ಗೋಲಿನ ಹಿಂದೆ ಒಂದು ಕಲ್ಲಿನ ಮೇಲೆ ನಿಂತರು. ಮೊದಲರ್ಧದಲ್ಲಿ ಅವರು ಒಂದು ಹೊಡೆದರು, ಎರಡನೇ ಅರ್ಧದಲ್ಲಿ ನಾವು ಒಂದು ತೀರಿಸಿದೆವು. ಆಮೇಲೆ ಜೋಗಪ್ಪ ಆಡಿದ ಆಟ ಏನೆಂದು ಹೇಳಲಿ! ಬೂಟಿನ ಕಾಲುಗಳ ನಡುವೆ ಬರಿಗಾಲು ಹಾಕಿ ಚೆಂಡು ಕಿತ್ತು ಕಿತ್ತು ಕಳಿಸಿದ. ಹೆಬ್ಬೆರಳಿನ ಉಗುರು ಹಾರಿಹೋಗಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಇನ್ನು ಐದು ನಿಮಿಷ ಇದ್ದಿರಬೇಕು. ಅವರಲ್ಲೊಬ್ಬ ನಡು ಮೈದಾನದಿಂದ ಎತ್ತಿ ಹೊಡೆದ ಚೆಂಡು ನಮ್ಮವರ ತಲೆಯ ಮೇಲಿಂದ ಬಂದು ಬಿದ್ದು, ಪುಟಿಯುತ್ತ ನನ್ನ ಕಡೆಗೆ ಬರತೊಡಗಿತು. ಅಷ್ಟೇನೂ ವೇಗ ಇರಲಿಲ್ಲ. ಅದರ ಹಿಂದೆ ನನ್ನ ಕಡೆಗೇ ಮುಖ ಮಾಡಿ ಜೋಗಪ್ಪ ಓಡಿ ಬರುತ್ತಿದ್ದ. ನಾನು ಗೋಲು ಬಿಟ್ಟು ಮುಂದೆ ನುಗ್ಗಿದೆ. ಜನ ಹೋ ಎನ್ನುತ್ತಿದ್ದರು. ಆ ಹೋ ನಡುವೆ ನನ್ನ ಕಡೆಯಿಂದ, ಅಂದರೆ ಮಾಸ್ತರು ನಿಂತ ಕಡೆಯಿಂದ, "ಒದ್ದು!" ಎಂಬ ಕೂಗು ಎದ್ದಿತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನನಗೆ ನೆನಪಿರುವುದು ಚೆಂಡಿನ ಹೊಲಿಗೆ ಮಾತ್ರ. ಜೋಗಪ್ಪ ಬೀಸಿ ಒದ್ದ. ಪಕ್ಕಕ್ಕೆ ಹೋಗಬೇಕಿದ್ದ ಚೆಂಡು ನನ್ನ ಮುಖಕ್ಕೆ ಬಡಿಯಿತು, ಮುಖದಿಂದ ಚಿಮ್ಮಿ ನಮ್ಮದೇ ಗೋಲಿಗೆ ಹೋಯಿತು.

ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ, ಮೂಗಿನೊಳಗೆ ಹತ್ತಿ ತುರುಕಿದ್ದರು. ಪಕ್ಕದಲ್ಲಿ ಜೋಗಪ್ಪ ಕೂತಿದ್ದ. ಗೆದ್ದೆವಾ ಎಂದು ಕೇಳಿದೆ. ಅವನು ತನ್ನ ಹೆಬ್ಬೆರಳು ನೋಡಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನನಗೆ ಆಗ ತಿಳಿಯಿತು.

ವಾರದ ನಂತರ ಗಿರಣಿಯ ಪಡಸಾಲೆಯಲ್ಲಿ ವಿಚಾರಣೆ ಕೂತಿತು. ಸಾಹುಕಾರರು ಕೆಟ್ಟವರಲ್ಲ, ಆದರೆ ಆಡಿದ ಮಾತಿಗೆ ತಪ್ಪುವವರಲ್ಲ. ಯಾರ ತಪ್ಪು ಎಂದು ತೀರ್ಮಾನವಾಗಬೇಕು. ಮಾಸ್ತರು ಕನ್ನಡದಲ್ಲಿ ಒದ್ದು ಎಂದಿದ್ದರೆ ಜೋಗಪ್ಪ ಹೇಳಿದ್ದು ಮಾಡಿದ್ದಾನೆ, ಅಡ್ಡ ಬಂದ ನಾನು ತಪ್ಪಿತಸ್ಥ. ತೆಲುಗಿನಲ್ಲಿ ಎಂದಿದ್ದರೆ ಬಿಡು ಎಂದರೂ ಒದ್ದ ಜೋಗಪ್ಪ ತಪ್ಪಿತಸ್ಥ. ಇಬ್ಬರಲ್ಲಿ ಒಬ್ಬನ ಟ್ರಂಕು ಏಳಲೇಬೇಕು.

ಸಿರುಗುಪ್ಪದ ಹುಡುಗರೆಲ್ಲ ಬಂದು ಅದು ತೆಲುಗು ಎಂದರು. ಕುರುಗೋಡಿನ ಇನ್ನಿಬ್ಬರು ಬಂದು ಕನ್ನಡ ಎಂದರು. ಆಮೇಲೆ ಹಿಂದಿನ ಬಾಲ ಏನಿತ್ತು ಎಂಬ ಚರ್ಚೆ ಬಂತು. 'ಹಾಕಲೇ' ಇತ್ತೋ, 'ರಾ' ಇತ್ತೋ? ಜನರ ಗದ್ದಲದಲ್ಲಿ ಬಾಲ ಯಾರಿಗೂ ಕೇಳಿಸಿರಲಿಲ್ಲ. ಶಾಲೆಯ ಕನ್ನಡ ಪಂಡಿತರನ್ನು ಕರೆಸಿದರು. ಅವರು ನಶ್ಯ ಏರಿಸಿ, "ಒದ್ದು ಎಂಬುದು ಪೂರ್ಣ ಕ್ರಿಯಾಪದವಲ್ಲ. ಒದ್ದು ಏನು ಮಾಡಬೇಕು ಎಂಬ ಆಕಾಂಕ್ಷೆ ಉಳಿಯುತ್ತದೆ. ಆದ್ದರಿಂದ ಅದು ಕನ್ನಡವಾದರೆ ಅಪ್ಪಣೆಯಾಗಲಾರದು" ಎಂದರು. ಸಾಹುಕಾರರು ತಲೆ ಕೆರೆದುಕೊಂಡರು. ಬೋರ್ಡಿಂಗಿನಲ್ಲಿ ಅಡಿಗೆ ಮಾಡುವ ಪಕ್ಕೀರಮ್ಮ ಬಾಗಿಲ ಸಂದಿಯಿಂದ, "ಕಾಲಾಗ ಚೆಂಡು ಇರೋನಿಗೆ ಯಾಕರಣ ಎಲ್ಲಿಂದ ಬರಬೇಕ್ರಿ!" ಎಂದು ಹೇಳಿ ಬೈಸಿಕೊಂಡಳು.

ಕೊನೆಗೆ ಮಾಸ್ತರನ್ನೇ ಕೇಳಿದರು. ಮಾಸ್ತರು ಎದ್ದು ನಿಂತು ಹೇಳಿದ್ದು ಕೇಳಿ ಪಡಸಾಲೆಗೆ ಪಡಸಾಲೆಯೇ ನಕ್ಕಿತು.

"ನಾನು ಕೂಗೇ ಇಲ್ರಿ ಸಾಹುಕಾರ್ರೆ. ಬಾಯಿ ತುಂಬ ಎಲಿ ಅಡಿಕಿ ಇತ್ತು. ನೋಡ್ರಿ ಅಂಗಿ, ಗೋಲು ಆದಾಗ ಗಾಬರಿಗೆ ಎಲ್ಲಾ ಎದಿ ಮ್ಯಾಲ ಬಿದ್ದೈತಿ."

ಅಂಗಿಯ ಮೇಲೆ ಕೆಂಪು ಕಲೆ ಇದ್ದದ್ದು ನಿಜ. ಆದರೆ ಮಾಸ್ತರ ಯಾವ ಅಂಗಿಯ ಮೇಲೆ ಕೆಂಪು ಕಲೆ ಇರಲಿಲ್ಲ? ಸುಂಕಣ್ಣ ಮಾಸ್ತರು ಕೂಗಲಿಲ್ಲ ಅಂದರೆ ಕೋಳಿ ಕೂಗದೆ ಬೆಳಗಾಯಿತು ಅಂದ ಹಾಗೆ. ತಮ್ಮ ತಲೆ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾರೆ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದೆ.

ನನ್ನನ್ನು ಕೇಳಿದರು. ನೆನಪಿಲ್ಲ ಎಂದೆ. ಅದು ಸುಳ್ಳಲ್ಲ, ಈಗಲೂ ಆಣೆ ಮಾಡುತ್ತೇನೆ. ಆಮೇಲೆ ಜೋಗಪ್ಪನನ್ನು ಕೇಳಿದರು. ಯಾರ ಕೂಗು, ಯಾವ ಭಾಷೆ? ಅವನು ಒಮ್ಮೆ ಮಾಸ್ತರ ಕಡೆ ನೋಡಿದ, ಒಮ್ಮೆ ನನ್ನ ಮೂಗಿನ ಬ್ಯಾಂಡೇಜಿನ ಕಡೆ ನೋಡಿದ.

"ಗೊತ್ತಿಲ್ರಿ. ನಾನು ಒದ್ದದ್ದು ಖರೆ. ತಪ್ಪು ನಂದ ಐತ್ರಿ" ಅಂದ.

ಅಷ್ಟಕ್ಕೇ ಮುಗಿಯಿತು. ಮರುದಿನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಕುರುಗೋಡಿನ ದಾರಿ ಹಿಡಿದ. ನಾನು ಊರ ಬಾಗಿಲವರೆಗೆ ಹೋಗಿದ್ದೆ. ನನ್ನ ಮೂಗಿನ ನೋವು ಇನ್ನೂ ಹೋಗಿಲ್ಲ ಎಂದೆ. ಅವನು, "ಹೋಗ್ತೈತಿ ಬಿಡಲೇ" ಅಂದ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಬಳ್ಳಾರಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದೆ. ಜೋಗಪ್ಪ ಒಂದು ವರ್ಷ ಕಲ್ಲು ಒಡೆದ. ತುಂಗಭದ್ರೆಯ ಕಾಲುವೆಯ ಅಳತೆ ಶುರುವಾದ ಮೇಲೆ ಸರ್ವೆಯವರ ಚೈನು ಎಳೆಯುವ ಕೆಲಸಕ್ಕೆ ಸೇರಿದ. ಕಪ್ಪಿನ ಮಾತು ಬಂದಾಗಲೆಲ್ಲ ನಾನು ದೊಡ್ಡ ಮನಸ್ಸಿನವನ ಹಾಗೆ, "ಪಾಪ ಜೋಗಪ್ಪಂದು ತಪ್ಪಿಲ್ಲ, ಮಾಸ್ತರು ತೆಲುಗಿನಲ್ಲಿ ಕೂಗಿದ್ದೇ ತಪ್ಪು" ಎನ್ನುತ್ತಿದ್ದೆ. ಕಚೇರಿಯಲ್ಲಿ ಹೇಳಿದೆ, ಹೋಟೆಲಿನಲ್ಲಿ ಹೇಳಿದೆ, ಮದುವೆಯ ಪಂಕ್ತಿಯಲ್ಲಿ ಹೇಳಿದೆ. ಕೇಳಿದವರು ನನ್ನ ಒಳ್ಳೆಯತನಕ್ಕೆ ತಲೆದೂಗುತ್ತಿದ್ದರು. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಕೆಟ್ಟ ಕೋಪ ಬರುತ್ತದೆ.

ಈ ವರ್ಷ ನಮ್ಮ ಕಚೇರಿಯಲ್ಲಿ ಯಾರಿಗೂ ತಲೆ ನೆಟ್ಟಗಿರಲಿಲ್ಲ. ಅಕ್ಟೋಬರ್ ಒಂದರಿಂದ ಮದ್ರಾಸು ಬಿಟ್ಟು ಬಳ್ಳಾರಿ ಮೈಸೂರು ರಾಜ್ಯಕ್ಕೆ, ಆಲೂರು, ಆದವಾನಿ, ರಾಯದುರ್ಗ ಹೊಸ ಆಂಧ್ರ ರಾಜ್ಯಕ್ಕೆ. ಒಂದೇ ಕಪಾಟಿನ ಫೈಲುಗಳನ್ನು ಎರಡು ರಾಜ್ಯಕ್ಕೆ ಹಂಚಬೇಕು. ನನ್ನ ಹುಟ್ಟೂರು ಆ ಕಡೆ, ನನ್ನ ಕುರ್ಚಿ ಈ ಕಡೆ. ನಾನು ಯಾರವನು ಎಂದು ಕೇಳಿದರೆ ಹೇಳಲು ನನಗೇ ತೋಚುತ್ತಿರಲಿಲ್ಲ. ಅಷ್ಟರಲ್ಲಿ ಸುಂಕಣ್ಣ ಮಾಸ್ತರು ಆಂಧ್ರವನ್ನೇ ಒಪ್ಪಿ ಆದವಾನಿಗೆ ಹೊರಟಿದ್ದಾರೆ ಎಂಬ ಸುದ್ದಿ ಬಂತು. ನಾನು ಭಾನುವಾರ ಕುರುಗೋಡಿಗೆ ಹೋಗಿ ಜೋಗಪ್ಪನಿಗೆ ತಿಳಿಸಿದೆ. ಒಬ್ಬ ಹುಡುಗ ಆಗತಾನೆ "ಒದ್ದು" ಎಂದು ಬಂಡೆಯ ಮೇಲೆ ಕೂತಿದ್ದ.

"ಹೋಗೋಣಲೇ. ಕೇಳೋದೇನಾರ ಇದ್ರ ಈಗ ಕೇಳಬೇಕು. ಆಮ್ಯಾಲ ಅವರು ಬ್ಯಾರೆ ರಾಜ್ಯ" ಎಂದೆ.

"ನನಗೇನೂ ಕೇಳೋದಿಲ್ಲ. ಕಾಲು ಮುಟ್ಟಿ ಬರ್ತೀನಿ ಅಷ್ಟ" ಅಂದ ಜೋಗಪ್ಪ.

ಸ್ಟೇಷನ್ನಿನಲ್ಲಿ ಮಾಸ್ತರು ಗಂಟುಮೂಟೆಯ ನಡುವೆ ಬೆಂಚಿನ ಮೇಲೆ ಕೂತಿದ್ದರು. ಕೂದಲು ನೆರೆತಿತ್ತು. ಗುಂತಕಲ್ಲಿನ ಗಾಡಿಗೆ ಇನ್ನೂ ಹೊತ್ತಿತ್ತು. ಜೋಗಪ್ಪ ಕಾಲು ಮುಟ್ಟಿದ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಸಾರ್, ಈಗಾದ್ರೂ ಖರೇ ಹೇಳಿಬಿಡ್ರಿ. ಅವತ್ತು ನೀವು ಕೂಗಿದ್ದು ಕನ್ನಡಾನಾ, ತೆಲುಗಾ?"

ಮಾಸ್ತರಿಗೆ ಸಿಟ್ಟು ಬಂತು. ತೆಲುಗು ಬಾಗಿಲು ತೆರೆಯುತ್ತದೆ ಅಂದುಕೊಂಡೆ. ಆದರೆ ಅವರು ನನ್ನನ್ನೇ ನೋಡುತ್ತ ಕನ್ನಡದಲ್ಲೇ ಹೇಳಿದರು.

"ಎಷ್ಟು ಸಲ ಹೇಳಬೇಕಲೇ? ಬಾಯಾಗ ಎಲಿ ಇತ್ತು. ಕೂಗಿಲ್ಲ. ಅವತ್ತು ಖರೇ ಹೇಳಿ ಕೆಟ್ಟೆ ನಾನು. ಹೌದ್ರಿ, ನಾನ ಕನ್ನಡದಾಗ ಒದ್ದ್ ಹಾಕಲೇ ಅಂದೆ, ಅವನು ಒದ್ದ, ಇವನು ಬರೋದು ನಾನು ನೋಡಿಲ್ಲ, ತಪ್ಪೆಲ್ಲ ನಂದು ಅಂತ ಒಂದು ಸುಳ್ಳು ಹೇಳಿದ್ರ ಇಬ್ಬರೂ ಹುಡುಗರು ಉಳೀತಿದ್ರು. ಮಾಸ್ತರಿಕಿ ಮಾಡೋನಿಗೆ ಅಷ್ಟು ಬುದ್ಧಿ ಹೊಳೀಲಿಲ್ಲ ನೋಡು." ಅವರ ಕಣ್ಣಲ್ಲಿ ನೀರಿತ್ತು. "ನಾಕು ವರ್ಷ ಆತು, ಅದಽ ನನ್ನ ತಿನ್ನಾಕತ್ತೈತಿ."

ಅವರು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಆಗ ಮೊದಲ ಬಾರಿಗೆ ಅನ್ನಿಸಿತು. ಹಾಗಾದರೆ ಕೂಗಿದವರು ಯಾರು? ಜೋಗಪ್ಪನ ಕಡೆ ನೋಡಿದೆ. ಅವನು, "ಸಿಗ್ನಲ್ ಬಿತ್ತು ನೋಡ್ರಿ ಸಾರ್, ಏಳ್ರಿ" ಎಂದು ಮೂಟೆ ಎತ್ತಿಕೊಂಡ.

ಗಾಡಿ ಬಂತು, ಮಾಸ್ತರನ್ನು ಹತ್ತಿಸಿದೆವು, ಸೀಟಿ ಊದಿತು. ಗಾಡಿ ಕದಲಿದ ಮೇಲೆ ಜೋಗಪ್ಪನಿಗೆ ಬೆಂಚಿನ ಮೇಲೆ ಕಂಡದ್ದು ಮಾಸ್ತರ ಎಲೆ ಅಡಿಕೆಯ ಚೀಲ. ಅದನ್ನು ಎತ್ತಿಕೊಂಡವನೇ ಗಾಡಿಯ ಪಕ್ಕ ಓಡತೊಡಗಿದ. ಗಾಡಿಗೆ ವೇಗ ಬಂದಿತ್ತು. ಮಾಸ್ತರು ಕೂತ ರೈಲು ಡಬ್ಬಿ ಮುಂದಿತ್ತು. ಪ್ಲಾಟ್‌ಫಾರಂ ಮುಗಿಯುವ ಕಡೆ ಅವನು ಬಾಗಿಲ ಸರಳಿಗೆ ಕೈ ಹಾಕಿ ನೆಗೆಯಲು ಕಾಲು ಎತ್ತಿದ. ಅವನು ಚಕ್ರದ ಕೆಳಗೆ ಹೋದ ಹಾಗೆಯೇ ನನಗೆ ಕಂಡಿತು.

"ಒದ್ದು!"

ಯಾರು ಕೂಗಿದರು ಎಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ಕೂಲಿಗಳೆಲ್ಲ ತಿರುಗಿ ನನ್ನನ್ನು ನೋಡಿದರು. ಗಂಟಲು ಉರಿಯುತ್ತಿತ್ತು. ಜೋಗಪ್ಪ ಸರಳು ಬಿಟ್ಟು ನಿಂತುಬಿಟ್ಟಿದ್ದ. ಗಾಡಿ ಹೋಯಿತು. ಅವನು ಚೀಲ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದು ನನ್ನ ಮುಂದೆ ನಿಂತ.

"ಅದಽ ದನಿ" ಅಂದ.

ಇಷ್ಟು ವರ್ಷ ಕನ್ನಡದಲ್ಲಿ ಉಂಡು, ಓದಿ, ಬರೆದು ಸಂಬಳ ತೆಗೆದುಕೊಂಡರೂ ಜೀವಕ್ಕೆ ಬಂದಾಗ ನನ್ನ ಬಾಯಿ ನಮ್ಮಮ್ಮನ ಮಾತನ್ನೇ ಆಡಿತ್ತು. ಅವತ್ತೂ ಚೆಂಡು ನಾನು ಹಿಡಿಯುತ್ತೇನೆ, ನೀನು ಮುಟ್ಟಬೇಡ ಎಂದು ಹೇಳಿದವನು ನಾನೇ ಇರಬೇಕು. ಇರಬೇಕು ಏನು, ನಾನೇ. ಆದರೂ ನೆನಪಿಲ್ಲ. ಮಾಡಿದ್ದು ನೆನಪೇ ಇಲ್ಲದ ತಪ್ಪಿಗೆ ಹೇಗೆ ಅಳಬೇಕೆಂದು ತಿಳಿಯಲಿಲ್ಲ.

"ನಿನಗ ಗೊತ್ತಿತ್ತೇನಲೇ?" ಎಂದೆ.

"ನಿನ್ನ ಕಡೀಗೇ ಮಕ ಮಾಡಿ ಓಡಿ ಬರ್ತಿದ್ದೆ. ಮಾಸ್ತರ ಬಾಯಿ ಮುಚ್ಚಿತ್ತು, ನಿಂದು ತೆರದಿತ್ತು. ದನಿ ನಿಂದು ಅಂತ ಕಿವಿಗೆ ಗೊತ್ತಾತು. ಮಾತು ತೆಲುಗು ಅಂತ ಕಾಲಿಗೆ ಗೊತ್ತಾಗಲಿಲ್ಲ. ಕಾಲು ಕುರುಗೋಡಿಂದಲ್ಲೇನು" ಎಂದು ನಕ್ಕ.

ಮೊಸರು ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಕೋತಿಗೆ ತಾನು ತಿಂದದ್ದೇ ಗೊತ್ತಿರಲಿಲ್ಲ, ಮೇಕೆ ತಾನಾಗಿ ಬಾಯಿ ಒಡ್ಡಿತ್ತು. ನನಗೆ ಅವನ ಮೇಲೆ ಸಿಟ್ಟೇ ಬಂತು. ನಾಲ್ಕು ವರ್ಷ ಕಲ್ಲು ಒಡೆದಿದ್ದಾನೆ, ಚೈನು ಎಳೆದಿದ್ದಾನೆ, ನಾನು ಪಂಕ್ತಿಯಲ್ಲಿ ಕೂತು ಅವನನ್ನು ಕ್ಷಮಿಸಿದ್ದೇನೆ.

"ಮತ್ತ ವಿಚಾರಣೆಯೊಳಗ ಯಾಕ ಹೇಳಲಿಲ್ಲ? ಇವನ ಒದ್ದು ಅಂದು ತಾನ ಅಡ್ಡ ಬಂದ ಅಂತ ಒಂದು ಮಾತು ಹೇಳಿದ್ರ ನೀನು ಉಳೀತಿದ್ದಿ!" ಎಂದು ಕೂಗಿದೆ.

ಜೋಗಪ್ಪ ಎಲೆ ಅಡಿಕೆಯ ಚೀಲವನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ನಿನ್ನ ಮೂಗು ಮುರದಿದ್ದೆ. ಸಾಲೀನೂ ಮುರೀಬೇಕಿತ್ತೇನಲೇ?"

ಮೂಗು ಹಿಡಿದುಕೊಂಡು ಮಾಸ್ತರು ಎದ್ದುಹೋದ ಬೆಂಚಿನ ಮೇಲೆ ಕೂತೆ. ಕುರುಗೋಡಿನ ಬಸ್ಸಿಗೆ ಹೊತ್ತಾಗುತ್ತದೆ, ಹುಡುಗರು ಕಾಯುತ್ತಿರುತ್ತಾರೆ ಎಂದು ಜೋಗಪ್ಪನೇ ಕೈ ಹಿಡಿದು ನನ್ನನ್ನು ಎಬ್ಬಿಸಿದ.